ಉಪಾಧ್ಯಾಯರ ಪಾಲಕ ಸಂತರೂ ಅವರ ಸಹೋದರರೂ

ದೇವಾಲಯದ ಶತಮಾನೋತ್ಸವವನ್ನು ಆಚರಿಸುವಾಗ ಅದರ ನೆರಳಿನಲ್ಲಿ ಬೆಳೆದ ಶಾಲೆಯ ನೆನಪೂ ಮನಸ್ಸಿಗೆ ಬರುವುದು ಸಹಜ. ದೇವಾಲಯವನ್ನು ಕಟ್ಟಿಸಿದ ಗುರುಗಳ ಹೆಸರು ಶಿಲಾಫಲಕದ ಮೇಲೆ ಉಳಿಯುತ್ತದೆ. ತಲೆಮಾರುಗಳಿಗೆ ಅಕ್ಷರ ತಿದ್ದಿಸಿದ ಉಪಾಧ್ಯಾಯರ ಹೆಸರು ಹಳೆಯ ವಿದ್ಯಾರ್ಥಿಗಳ ನಾಲಗೆಯ ಮೇಲಷ್ಟೇ ಉಳಿಯುತ್ತದೆ. ಅಲ್ಪ ವೇತನಕ್ಕೆ ದುಡಿಯುತ್ತ ಕೆಲವರು ಶಾಲೆಯನ್ನು ಬಿಡದೆ ನಿಲ್ಲುತ್ತಾರೆ, ಕೆಲವರು ತೊರೆದು ಹೋಗುತ್ತಾರೆ. ಇದಕ್ಕೆ ಕಾರಣವೇನು? ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಅವರ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

1651ರಲ್ಲಿ ಫ್ರಾನ್ಸ್ ದೇಶದ ರೇಮ್ಸ್ ನಗರದ ಸಿರಿವಂತ ಮನೆತನದಲ್ಲಿ ಅವರು ಜನಿಸಿದರು. ಹದಿಹರೆಯದಲ್ಲೇ ಅಲ್ಲಿನ ಪ್ರಧಾನಾಲಯದ ಕ್ಯಾನನ್ ಪದವಿ ದೊರೆಯಿತು, 1678ರಲ್ಲಿ ಗುರುದೀಕ್ಷೆಯಾಯಿತು. ಮರುವರ್ಷ ಆದ್ರಿಯನ್ ನಿಯೆಲ್ ಎಂಬವರು ಬಡ ಹುಡುಗರಿಗಾಗಿ ಶಾಲೆ ತೆರೆಯಲು ಬಂದಾಗ ಅವರಿಗೆ ನೆರವಾದರು. ಆ ಕಾಲದಲ್ಲಿ ಬಡ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಸಮಾಜದಲ್ಲಿ ಮನ್ನಣೆಯಿರಲಿಲ್ಲ. 1681ರಲ್ಲಿ ಡಿ ಲಾ ಸಾಲರು ಬಂಧುಗಳ ಅಸಮಾಧಾನವನ್ನೂ ಲೆಕ್ಕಿಸದೆ ಆ ಉಪಾಧ್ಯಾಯರನ್ನು ತಮ್ಮ ಮನೆಗೇ ಕರೆತಂದು ಕ್ರಮಬದ್ಧವಾದ ಜೀವನವನ್ನು ರೂಢಿಸತೊಡಗಿದರು. ಆದರೆ ಶಿಸ್ತನ್ನು ತಾಳಲಾರದೆ ಮೊದಲ ತಂಡದ ಬಹುಪಾಲು ಜನ ಕೆಲವೇ ತಿಂಗಳಲ್ಲಿ ಹೊರಟುಹೋದರು.

ಅನಂತರ ಬಂದವರಿಗೂ ನಾಳೆಯ ಚಿಂತೆ ಕಾಡುತ್ತಿತ್ತು. ವಯಸ್ಸಾದ ಮೇಲೆ ನಮ್ಮ ಗತಿಯೇನು ಎಂದು ಅವರು ಕೇಳಿದಾಗ, ಆಕಾಶದ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ಪೋಷಿಸುವ ದೇವರಲ್ಲಿ ಭರವಸೆಯಿಡಿರೆಂದು ಡಿ ಲಾ ಸಾಲರು ಬೋಧಿಸಿದರು. ನಿಮಗೆ ಆಸ್ತಿಯಿದೆ, ಪದವಿಯಿದೆ. ಶಾಲೆ ಮುಚ್ಚಿದರೆ ಬೀದಿಗೆ ಬೀಳುವವರು ನಾವು ಎಂದು ಅವರು ನೇರವಾಗಿಯೇ ಉತ್ತರಿಸಿದರು. ಆ ಮಾತು ಗುರುಗಳ ಅಂತಃಕರಣವನ್ನು ನಾಟಿತು. ತಾನು ಹೊರದ ಹೊರೆಯನ್ನು ಪರರಿಗೆ ಹೊರಿಸುವ ಮುಂದಾಳುವಿನ ಬೋಧೆ ಫಲಿಸದೆಂದು ಅವರು ಅರಿತರು. 1683ರಲ್ಲಿ ಕ್ಯಾನನ್ ಪದವಿಯನ್ನು ತ್ಯಜಿಸಿದರು. ಬೆನ್ನಲ್ಲೇ ಬಂದ ಕ್ಷಾಮದಲ್ಲಿ ತಮ್ಮ ಸಂಪತ್ತನ್ನು ಹಸಿದವರಿಗೆ ರೊಟ್ಟಿಯಾಗಿ ಹಂಚಿಬಿಟ್ಟರು. ಅಂದಿನಿಂದ ಅವರೂ ಉಪಾಧ್ಯಾಯರೂ ಒಂದೇ ಬಡತನದ ಪಾಲುದಾರರಾದರು. ಎಲ್ಲರೂ ಪರಸ್ಪರರನ್ನು ಸಹೋದರರೆಂದು ಕರೆದುಕೊಂಡರು.

ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. 1691ರ ಹೊತ್ತಿಗೆ ಸಂಘವು ಅಳಿವಿನಂಚಿಗೆ ಬಂದಿತ್ತು. ಆ ವರ್ಷದ ನವೆಂಬರ್ 21ರಂದು ಡಿ ಲಾ ಸಾಲರು ನಿಕೊಲಾ ವುಯಾರ್, ಗೇಬ್ರಿಯಲ್ ಡ್ರೊಲೆನ್ ಎಂಬ ಇಬ್ಬರೊಡನೆ, ಭಿಕ್ಷೆ ಬೇಡಿ ಬರಿ ರೊಟ್ಟಿ ತಿಂದು ಬದುಕಬೇಕಾದರೂ ಈ ಕಾರ್ಯವನ್ನು ಕೈಬಿಡೆವೆಂದು ಪ್ರತಿಜ್ಞೆ ಮಾಡಿದರು. ಇಬ್ಬರಲ್ಲಿ ವುಯಾರ್ ಮುಂದೆ ಸಂಘದಿಂದ ದೂರವಾದರು. ಡ್ರೊಲೆನ್ ಅವರಾದರೋ 1702ರಲ್ಲಿ ರೋಮ್ ನಗರಕ್ಕೆ ಹೋಗಿ, ಬಹುತೇಕ ಏಕಾಂಗಿಯಾಗಿ 1728ರವರೆಗೆ ಅಲ್ಲಿ ಕಲಿಸಿದರು. ದೂರದ ಮುಂದಾಳುವಿನ ಪತ್ರಗಳು ಅವರಿಗೆ ಆಸರೆಯಾಗಿದ್ದವು. ಒಂದೇ ಪ್ರತಿಜ್ಞೆ, ಒಬ್ಬನೇ ನಾಯಕ. ಆದರೂ ಉಳಿಯುವ ನಿರ್ಧಾರವನ್ನು ಪ್ರತಿಯೊಬ್ಬ ಅನುಯಾಯಿ ತಾನೇ ಮಾಡಬೇಕಾಗುತ್ತದೆ.

ಅನುಯಾಯಿಗಳ ಹಿರಿಮೆ ಬೆಳಗಿದ್ದು 1714ರಲ್ಲಿ. ಪ್ಯಾರಿಸ್ಸಿನಲ್ಲಿ ವಿರೋಧವೂ ನ್ಯಾಯಾಲಯದ ಪ್ರತಿಕೂಲ ತೀರ್ಪೂ ಎದುರಾಗಿ, ತಮ್ಮಿಂದಲೇ ಸಂಘಕ್ಕೆ ಕೇಡೆಂದು ನೊಂದ ಡಿ ಲಾ ಸಾಲರು ದಕ್ಷಿಣ ಫ್ರಾನ್ಸಿಗೆ ಹೊರಟುಹೋಗಿದ್ದರು. ಏಪ್ರಿಲ್ 1ರಂದು ಪ್ರಮುಖ ಸಹೋದರರು ಅವರಿಗೊಂದು ಪತ್ರ ಬರೆದರು. ಅದು ಬರಿಯ ವಿನಂತಿಯಾಗಿರಲಿಲ್ಲ. ನೀವು ಈ ಸಂಘಕ್ಕೇ ವಿಧೇಯತೆಯ ವ್ರತ ತೊಟ್ಟವರು. ಸಂಘದ ಹೆಸರಿನಲ್ಲಿ ಆಜ್ಞಾಪಿಸುತ್ತೇವೆ, ಆಡಳಿತವನ್ನು ಮತ್ತೆ ವಹಿಸಿಕೊಳ್ಳಿ ಎಂಬುದು ಅದರ ಸಾರ. ವಿಧೇಯತೆಯನ್ನು ಕಲಿಸಿದವರು ಶಿಷ್ಯರಿಗೆ ವಿಧೇಯರಾದರು. ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ಸಿಗೆ ಮರಳಿದರು.

ಕಲಿಸುವ ಕ್ರಮವೂ ಈ ಬಾಂಧವ್ಯದಿಂದಲೇ ಮೂಡಿತು. ಲ್ಯಾಟಿನ್ ಬದಲು ಮಾತೃಭಾಷೆಯಲ್ಲಿ ಓದು ಆರಂಭಿಸುವುದು, ತರಗತಿಯ ಮಕ್ಕಳಿಗೆಲ್ಲ ಒಟ್ಟಿಗೆ ಪಾಠ ಹೇಳುವುದು ಮುಂತಾದ ಅವರ ಪದ್ಧತಿಗಳನ್ನು ವಿವರಿಸುವ ಕೈಪಿಡಿಯು ಅನುಭವಿ ಸಹೋದರರೊಡನೆ ಚರ್ಚಿಸಿ, ಪ್ರಯೋಗಿಸಿ ನೋಡಿ ಸಿದ್ಧಪಡಿಸಿದ್ದು. ತನ್ನ ಅನುಭವಕ್ಕೆ ಬೆಲೆಯಿರುವ ಶಾಲೆಯನ್ನು ಯಾವ ಉಪಾಧ್ಯಾಯನು ತನ್ನದೆಂದು ಭಾವಿಸದಿರುವನು?

1717ರಲ್ಲಿ ಸಹೋದರ ಬಾರ್ತೆಲೆಮಿ ಅವರು ಮಹಾಶ್ರೇಷ್ಠರಾಗಿ ಚುನಾಯಿತರಾದಾಗ, ಸಂಸ್ಥಾಪಕರು ಅವರ ಅಧೀನದಲ್ಲಿ ಸಂತೋಷದಿಂದ ಬಾಳಿದರು. 1719ರ ಏಪ್ರಿಲ್ 7, ಶುಭ ಶುಕ್ರವಾರದಂದು ರುವಾನ್ ನಗರದಲ್ಲಿ ದೈವಾಧೀನರಾದರು. 1900ರಲ್ಲಿ ಅವರಿಗೆ ಸಂತ ಪದವಿ ಲಭಿಸಿತು. 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಅವರನ್ನು ಉಪಾಧ್ಯಾಯರೆಲ್ಲರ ಪಾಲಕ ಸಂತರೆಂದು ಘೋಷಿಸಿದರು.

ಪ್ರಿಯ ಬಾಂಧವರೇ, ಶಾಲೆಯ ಆಡಳಿತ ನಡೆಸುವವರು ಉಪಾಧ್ಯಾಯರ ಕಷ್ಟದಲ್ಲಿ ಪಾಲುಗೊಳ್ಳಲಿ. ಉಪಾಧ್ಯಾಯರು ಸತ್ಯವನ್ನು ನಿರ್ಭೀತಿಯಿಂದ ನುಡಿದು, ನುಡಿದ ಮೇಲೂ ಜೊತೆಗೆ ನಿಲ್ಲಲಿ. ಅಂದು ಉಪಾಧ್ಯಾಯರು ಮೌನವಾಗಿದ್ದಿದ್ದರೆ ಡಿ ಲಾ ಸಾಲರು ಬಹುಶಃ ಒಬ್ಬ ಸದ್ಗುಣಿ ಸಿರಿವಂತರಾಗಿಯೇ ಉಳಿಯುತ್ತಿದ್ದರು. ನಮಗೆ ಅಕ್ಷರ ಕಲಿಸಿದವರನ್ನು ಈ ಶತಮಾನೋತ್ಸವದ ಬಲಿಪೂಜೆಯಲ್ಲಿ ಕೃತಜ್ಞತೆಯಿಂದ ನೆನೆಯೋಣ. ಇಂದು ಕಲಿಸುತ್ತಿರುವವರ ಮಾತಿಗೂ ಕಿವಿಗೊಡೋಣ.