ಆಮ್ಲಜನಕರಹಿತ ಪ್ರೋಟೀನ್ ಸ್ಫಟಿಕೀಕರಣ: ಉಪಕರಣಗಳ ಒಂದು ಪರಿಶೀಲನೆ

ಗಾಳಿಯ ಸಾರಜನಕವನ್ನು ಅಮೋನಿಯವಾಗಿಸುವ ನೈಟ್ರೋಜಿನೇಸ್ ಕಿಣ್ವದ ಕಬ್ಬಿಣ-ಪ್ರೋಟೀನು ಗಾಳಿ ಸೋಕಿದರೆ ಒಂದು ನಿಮಿಷದೊಳಗೇ ಅರ್ಧದಷ್ಟು ಕೆಡುತ್ತದೆ. ಅದರ ಸ್ಫಟಿಕ ಬೆಳೆಯಲು ಹಲವು ದಿನ, ಕೆಲವೊಮ್ಮೆ ವಾರಗಳೇ ಬೇಕು. ಅಷ್ಟು ಕಾಲ ಅದನ್ನು ಕಾಯುವ ಹೊಣೆ ಉಪಕರಣದ್ದು. ಈ ಕಾವಲಿನ ಫಲ ಸಣ್ಣದಲ್ಲ: ಇದೇ ಕಿಣ್ವದ ಮಾಲಿಬ್ಡಿನಂ-ಕಬ್ಬಿಣ ಪ್ರೋಟೀನಿನ ರಚನೆಯನ್ನು 1992ರಲ್ಲಿ ಕಿಮ್ ಮತ್ತು ರೀಸ್ ಬಿಡಿಸಿದರು, 2002ರಲ್ಲಿ, 1.16 ಆಂಗ್‌ಸ್ಟ್ರಾಂ ಸ್ಪಷ್ಟತೆಯಲ್ಲಿ, ಅದರ ಲೋಹಗುಚ್ಛದ ನಟ್ಟನಡುವೆ ಹಗುರವಾದ ಪರಮಾಣುವೊಂದು ಕಂಡಿತು; 2011ರಲ್ಲಿ ಅದು ಇಂಗಾಲವೆಂದು ಖಚಿತವಾಯಿತು.

ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ವಿನೈಲ್ ಹಾಳೆಯ ಗ್ಲೋವ್ ಬಾಕ್ಸ್. ಅದರಲ್ಲಿ ಸಾರಜನಕದ ಜೊತೆ ಸುಮಾರು 5% ಜಲಜನಕ ತುಂಬಿರುತ್ತದೆ. ನುಸುಳಿ ಬಂದ ಆಮ್ಲಜನಕ ಪೆಲ್ಲೇಡಿಯಂ ವೇಗವರ್ಧಕದ ಮೇಲೆ ಜಲಜನಕದೊಡನೆ ಕೂಡಿ ನೀರಾಗುತ್ತದೆ. ತೊಡಕು ಶುರುವಾಗುವುದೇ ಆ ನೀರಿನಿಂದ. ತೇವಹೀರುಕ ಇಟ್ಟರೆ, ಕವರ್‌ಸ್ಲಿಪ್ ಕೂರಿಸುವಷ್ಟರಲ್ಲೇ ಮೈಕ್ರೋಲೀಟರ್ ಗಾತ್ರದ ಹನಿ ಬತ್ತತೊಡಗುತ್ತದೆ. ಇಡದಿದ್ದರೆ ವೇಗವರ್ಧಕವೇ ತೇವ ಹಿಡಿದು ಮಂಕಾಗುತ್ತದೆ. ಮರ್ಕ್ಯಾಪ್ಟೋಎಥನಾಲ್‌ನಂಥ ಗಂಧಕದ ಆವಿಯಂತೂ ಅದಕ್ಕೆ ವಿಷ. ಪೆಟ್ಟಿಗೆಯೊಳಗಿನ ಫ್ಯಾನು, ಹೀಟರುಗಳ ಶಾಖ ಬೇರೆ. ಉಷ್ಣತೆಯ ಏರುಪೇರನ್ನು ಸ್ಫಟಿಕಗಳು ಸಹಿಸುವುದಿಲ್ಲ.

ನನ್ನ ಎಣಿಕೆಯಲ್ಲಿ ನಿಜವಾದ ಶತ್ರು ಪೆಟ್ಟಿಗೆಯ ಸಂದುಗಳಲ್ಲಿಲ್ಲ, ನಾವೇ ಒಳಗೊಯ್ಯುವ ಸಾಮಾನುಗಳಲ್ಲಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಗೊಡ್ಡಿದ ನೀರಿನಲ್ಲಿ ಸುಮಾರು 0.26 ಮಿಲಿಮೋಲಾರ್ ಆಮ್ಲಜನಕ ಕರಗಿರುತ್ತದೆ. 60,000 ಅಣುತೂಕದ ಪ್ರೋಟೀನನ್ನು ಮಿಲಿಲೀಟರಿಗೆ 10 ಮಿಲಿಗ್ರಾಂನಂತೆ ಕರಗಿಸಿದರೆ ಅದು 0.17 ಮಿಲಿಮೋಲಾರ್ ಮಾತ್ರ. ಅಂದರೆ ಅನಿಲ ತೆಗೆಯದ ದ್ರಾವಣದಲ್ಲಿ ಪ್ರೋಟೀನಿಗಿಂತ ಆಮ್ಲಜನಕದ ಅಣುಗಳೇ ಹೆಚ್ಚು! ಪಾಲಿಸ್ಟೈರೀನ್ ತಟ್ಟೆಗಳೂ ಆಮ್ಲಜನಕವನ್ನು ಒಡಲಲ್ಲಿ ಹೊತ್ತು ತಂದು ನಿಧಾನವಾಗಿ ಬಿಡುತ್ತವೆ. ಬಳಸುವ ಹಲವು ದಿನ ಮೊದಲೇ ಅವನ್ನು ಒಳಗಿಡಬೇಕು. ಮೈಕ್ರೋಬ್ಯಾಚ್ ವಿಧಾನದ ಎಣ್ಣೆ ಹನಿಯನ್ನು ಕಾಪಾಡುತ್ತದೆಂಬ ನಂಬಿಕೆ ಇಲ್ಲಿ ಸಲ್ಲದು, ಎಣ್ಣೆಯಲ್ಲಿ ಆಮ್ಲಜನಕ ನೀರಿಗಿಂತ ಹೆಚ್ಚು ಕರಗುತ್ತದೆ. ಸೋಡಿಯಂ ಡೈಥಯೊನೈಟ್ ಬೆರೆಸಿದರೆ ಅಳಿದುಳಿದದ್ದನ್ನು ಅದು ಹೀರಿಕೊಳ್ಳುತ್ತದೆ, ಆದರೆ ಆಮ್ಲೀಯ ದ್ರಾವಣದಲ್ಲಿ ತಾನೇ ಬೇಗ ಒಡೆದುಹೋಗುತ್ತದೆ. ಮೀಥೈಲ್ ವಯೊಲೊಜೆನ್ ಬೆರೆಸಿದ ಸಾಕ್ಷಿಹನಿಯೊಂದನ್ನು ಪಕ್ಕದ ಗುಳಿಯಲ್ಲಿಟ್ಟರೆ ಪರೀಕ್ಷೆ ಸುಲಭ: ನೀಲಿ ಉಳಿದಿದ್ದರೆ ಕ್ಷೇಮ, ಬಣ್ಣ ಹೋದರೆ ಆ ತಟ್ಟೆಯನ್ನು ನಂಬುವಂತಿಲ್ಲ.

ಪ್ರಕಟವಾಗುವ ವಿಧಾನ ವಿವರಣೆಗಳಲ್ಲಿ ಪೆಟ್ಟಿಗೆಯ ಆಮ್ಲಜನಕದ ಅಂಕಿಯಷ್ಟೇ ಸಾಲದು. ತಟ್ಟೆಗಳನ್ನು ಎಷ್ಟು ದಿನ ಒಳಗಿಡಲಾಗಿತ್ತು, ದ್ರಾವಣಗಳ ಅನಿಲವನ್ನು ಹೇಗೆ ತೆಗೆಯಲಾಯಿತು, ಒಳಗಿನ ತೇವಾಂಶ ಮತ್ತು ಉಷ್ಣತೆ ಎಷ್ಟಿದ್ದವು ಎಂಬುದನ್ನೂ ಲೇಖಕರು ದಾಖಲಿಸಬೇಕೆಂದು ವಿನಂತಿ.