ದೇಶದ ಅಂಗಿ ಯಾರ ಮೈಮೇಲೆ?

ಅಂಗಿ ಬರೀ ಬಟ್ಟೆಯಲ್ಲ ಅನ್ನುವುದನ್ನು ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆರ ಹೊಲಿದವರು ಕೆರ ಮೆಟ್ಟಿಕೊಂಡು ಊರೊಳಗೆ ನಡೆಯುವಂತಿರಲಿಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿ 1859ರಲ್ಲಿ ರಾಜನ ಆಜ್ಞೆ ಪಡೆಯಬೇಕಾಯಿತು. ಅದೂ ಮೇಲ್ಜಾತಿಯವರ ಹಾಗೆ ಉಡಕೂಡದು ಎಂಬ ಷರತ್ತಿನ ಮೇಲೆ. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಹೆಣ್ಣುಮಕ್ಕಳ ಮುಂದೆ ಮಾತಾಡಿದ ಬಾಬಾಸಾಹೇಬರು, ಇವಳು ಇಂಥ ಜಾತಿಯವಳು ಎಂದು ದೂರದಿಂದಲೇ ಸಾರುವ ಉಡುಗೆಯನ್ನೂ ಒಡವೆಯನ್ನೂ ಬಿಟ್ಟುಬಿಡಿ ಎಂದರು. ಉಡುವುದು ತೊಡುವುದು ನಮಗೆ ಯಾವತ್ತೂ ರಾಜಕಾರಣವೇ.

ಫುಟ್‌ಬಾಲಿನಲ್ಲಿ ಒಂದು ದೇಶ ತನ್ನ ಹನ್ನೊಂದು ಮಂದಿಯನ್ನು ಬಯಲಿಗೆ ಬಿಡುತ್ತದೆ. ಗೋಲಿ ಒಬ್ಬನನ್ನು ಬಿಟ್ಟರೆ ಉಳಿದವರಿಗೆಲ್ಲ ಒಂದೇ ಅಂಗಿ. ತೊಂಬತ್ತು ನಿಮಿಷ ಆ ಅಂಗಿಯೇ ದೇಶ. ಲಕ್ಷಾಂತರ ಜನ ಅದನ್ನು ನೋಡಿ ಕುಣಿಯುತ್ತಾರೆ, ಅಳುತ್ತಾರೆ. ಹಾಗಾದರೆ ಕೇಳಲೇಬೇಕಲ್ಲ: ಆ ಬಣ್ಣ ಎಲ್ಲಿಂದ ಬಂತು? ಅಂಗಿ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ? ಹೊಲಿದವರು ಯಾರು?

ಯುರೋಪಿನ ಅಂಗಿಗಳನ್ನು ಕೆದಕಿದರೆ ಸಿಗುವುದು ಅರಮನೆ. ಇಟಲಿಯ ಬಾವುಟದಲ್ಲಿ ಹಸಿರು, ಬಿಳಿ, ಕೆಂಪು ಇವೆ. ಅಂಗಿ ಮಾತ್ರ ನೀಲಿ. 1911ರ ಜನವರಿ 6ರಂದು ಮಿಲಾನಿನಲ್ಲಿ ಹಂಗೆರಿಯ ಎದುರು ಮೊದಲ ಸಲ ತೊಟ್ಟ ಆ ನೀಲಿ, ಆಗ ಆಳುತ್ತಿದ್ದ ಸವಾಯ್ ಮನೆತನದ ಬಣ್ಣ. 1946ರಲ್ಲಿ ಇಟಲಿಯ ಜನ ಓಟು ಹಾಕಿ ರಾಜನನ್ನು ಕೆಳಗಿಳಿಸಿದರು. ರಾಜ ಹೋದ, ಅವನ ಬಣ್ಣ ಆಟಗಾರರ ಮೈಮೇಲೆ ಇವತ್ತಿಗೂ ಐತೆ. ಹಾಲೆಂಡಿನ ಕಿತ್ತಳೆ ಅಲ್ಲಿನ ಆರೆಂಜ್ ಮನೆತನದ್ದು. ಜರ್ಮನಿಯ ಬಿಳಿ ಅಂಗಿ, ಕರಿ ಚಡ್ಡಿ ಪ್ರಷ್ಯಾ ರಾಜ್ಯದ ಬಾವುಟದಿಂದ ಬಂದದ್ದು. ಪ್ರಷ್ಯಾ ಅನ್ನುವುದು ಈಗ ನಕಾಶೆಯಲ್ಲೇ ಇಲ್ಲ.

ರಾಜರ ಬಣ್ಣ ಸಾಲದೆ ಸರ್ವಾಧಿಕಾರಿಯ ಬಣ್ಣವೂ ಒಮ್ಮೆ ಬಯಲಿಗಿಳಿಯಿತು. 1938ರ ಜೂನ್ 12, ಪ್ಯಾರಿಸ್, ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಇಟಲಿಯದೂ ನೀಲಿ, ಫ್ರಾನ್ಸಿನದೂ ನೀಲಿ. ಇಟಲಿ ಬಿಳಿ ಅಂಗಿ ತೊಡಬಹುದಿತ್ತು. ತೊಡಲಿಲ್ಲ. ಮುಸಲೋನಿಯ ಫ್ಯಾಸಿಸ್ಟ್ ಪಡೆಯ ಕರಿ ಅಂಗಿ ತೊಟ್ಟು ಬಂತು. ಆಟ ಬೇರೆ ರಾಜಕಾರಣ ಬೇರೆ ಅನ್ನುವವರು ಆ ದಿನದ ಫೋಟೋ ಒಂದನ್ನು ನೋಡಲಿ, ಸಾಕು.

ಬಣ್ಣಕ್ಕಿಂತ ದೊಡ್ಡ ಪ್ರಶ್ನೆ ಅಂಗಿಯೊಳಗಿನ ಮೈಯದು. ಅದಕ್ಕೆ ಬ್ರೆಜಿಲಿಗೇ ಹೋಗಬೇಕು. ಅಮೆರಿಕ ಖಂಡಗಳಲ್ಲಿ ಎಲ್ಲರಿಗಿಂತ ಕೊನೆಗೆ, 1888ರಲ್ಲಿ, ಗುಲಾಮಗಿರಿ ಬಿಟ್ಟ ದೇಶ ಅದು. 1919ರಲ್ಲಿ ಆ ದೇಶಕ್ಕೆ ದಕ್ಷಿಣ ಅಮೆರಿಕದ ಕಪ್ ಗೆದ್ದುಕೊಟ್ಟ ಗೋಲು ಹೊಡೆದವನು ಅರ್ತುರ್ ಫ್ರೀಡೆನ್‌ರೈಶ್. ಅಪ್ಪ ಜರ್ಮನ್ ಮೂಲದವನು, ಅವ್ವ ಆಫ್ರಿಕ ಮೂಲದವಳು. ಎರಡೇ ವರ್ಷಕ್ಕೆ, 1921ರಲ್ಲಿ, ಅದೇ ಪಂದ್ಯಾವಳಿಗೆ ಬ್ರೆಜಿಲ್ ಕಳಿಸಿದ್ದು ಬಿಳಿಯರ ತಂಡವನ್ನು. ಗೆಲ್ಲಿಸಿಕೊಟ್ಟವನಿಗೇ ಅಂಗಿ ಇಲ್ಲ.

1923ರಲ್ಲಿ ರಿಯೋ ನಗರದ ಲೀಗ್ ಗೆದ್ದದ್ದು ವಾಸ್ಕೊ ಡ ಗಾಮಾ ಕ್ಲಬ್. ಅದರ ತಂಡದಲ್ಲಿ ಕಪ್ಪು ಮೈಯವರಿದ್ದರು, ಬಡ ಬಿಳಿಯರಿದ್ದರು, ಕೂಲಿ ಮಾಡುವವರಿದ್ದರು. ದೊಡ್ಡ ಮನೆತನಗಳ ಕ್ಲಬ್ಬುಗಳಿಗೆ ಇದು ಸಹಿಸಲಿಲ್ಲ. ಮರುವರ್ಷ ಬೇರೆ ಸಂಘ ಕಟ್ಟಿಕೊಂಡು, ನಿಮ್ಮ ಹನ್ನೆರಡು ಆಟಗಾರರನ್ನು ಕಿತ್ತುಹಾಕಿದರೆ ಮಾತ್ರ ಒಳಗೆ ಬನ್ನಿ ಅಂದವು. ಬಾಯಲ್ಲಿ ಮೈಬಣ್ಣದ ಮಾತಿಲ್ಲ. ಕಸುಬು ಸರಿಯಿಲ್ಲ, ಓದುಬರಹ ಇಲ್ಲ ಅನ್ನುವ ನೆವ. ಈ ಭಾಷೆ ನಮಗೆ ಹೊಸದೇನ್ರಿ? ಇಲ್ಲಿ ಅದರ ಹೆಸರು 'ಮೆರಿಟ್'. 1924ರ ಏಪ್ರಿಲ್ 7ರಂದು ವಾಸ್ಕೊದ ಅಧ್ಯಕ್ಷ ಕಾಗದ ಬರೆದು, ಆ ಹನ್ನೆರಡು ಜನರನ್ನು ಬಿಟ್ಟು ನಾವು ಬರುವುದಿಲ್ಲ ಎಂದ. ಆ ಒಂದು ಹಾಳೆ ಕಾಗದ ಬ್ರೆಜಿಲಿನ ಅಂಗಿಯ ಚರಿತ್ರೆಯಲ್ಲಿ ಎಷ್ಟೋ ಕಪ್ಪುಗಳಿಗಿಂತ ದೊಡ್ಡದು. ಮುಂದೆ ದೇಶದ ಅಂಗಿಯೊಳಗೆ ಕಪ್ಪು ಮೈ ಬಂದದ್ದು ಇಂಥ ಬಾಗಿಲುಗಳನ್ನು ಒದ್ದು ತೆಗೆದ ಮೇಲೆಯೇ.

ಬಂದ ಮೇಲಾದರೂ ಸಮಾನತೆ ಸಿಕ್ಕಿತೇ? 1950ರ ಜುಲೈ 16ರಂದು ರಿಯೋದ ಮರಕಾನ ಮೈದಾನದಲ್ಲಿ, ತುಂಬಿ ತುಳುಕುವ ಜನರೆದುರು, ಬ್ರೆಜಿಲ್ ಉರುಗ್ವೆಗೆ ವಿಶ್ವಕಪ್ ಸೋತಿತು. ಆಗ ಬ್ರೆಜಿಲಿನದು ನೀಲಿ ಕೊರಳಪಟ್ಟಿಯ ಬಿಳಿ ಅಂಗಿ. ಸೋಲಿಗೆ ಇಬ್ಬರು ಅಪರಾಧಿಗಳು ಸಿಕ್ಕಿದರು. ಒಂದು ಆ ಬಿಳಿ ಅಂಗಿ. ಇನ್ನೊಬ್ಬ ಕಪ್ಪು ಮೈಯ ಗೋಲಿ ಬಾರ್ಬೋಸ.

ಅಂಗಿಯ ವಿಚಾರಣೆ ಬೇಗ ಮುಗಿಯಿತು. ಬಿಳಿಯಲ್ಲಿ ದೇಶಭಕ್ತಿ ಇಲ್ಲ ಎಂದರು. 1953ರಲ್ಲಿ ರಿಯೋದ 'ಕೊರೆಯೊ ದ ಮಾನ್ಯಾ' ಪತ್ರಿಕೆ, ಬಾವುಟದ ನಾಲ್ಕೂ ಬಣ್ಣ ಇರುವ ಹೊಸ ಉಡುಪು ಬರೆದುಕೊಡಿ ಎಂದು ಸ್ಪರ್ಧೆ ನಡೆಸಿತು. ಗೆದ್ದವನು ಉರುಗ್ವೆ ಗಡಿಯ ಕಡೆಯ ಹುಡುಗ ಆಲ್ದಿರ್ ಗಾರ್ಸಿಯಾ ಶ್ಲೀ, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹಳದಿ ಅಂಗಿ, ಹಸಿರು ಅಂಚು, ನೀಲಿ ಚಡ್ಡಿ, ಬಿಳಿ ಕಾಲುಚೀಲ. ನಾಲ್ಕು ಬಣ್ಣ ಕೂಡಿಸುವುದು ಸುಲಭವಿರಲಿಲ್ಲ. ನೂರಕ್ಕೂ ಮಿಕ್ಕಿ ಬರೆದು ಹರಿದು ಕಡೆಗೆ ಅಂಗಿಗೆ ಹಳದಿ ಹಸಿರು, ಕೆಳಗಿನದಕ್ಕೆ ನೀಲಿ ಬಿಳಿ ಎಂದು ಹಂಚಿದ. 1954ರ ಮಾರ್ಚ್ 14ರಂದು ಚಿಲಿಯ ಎದುರು ಮರಕಾನದಲ್ಲಿ ಅದು ಮೊದಲ ಸಲ ಇಳಿಯಿತು. ಮುಂದೆ ಕತೆಗಾರನಾದ ಶ್ಲೀ 2018ರಲ್ಲಿ ತೀರಿಕೊಂಡ. ಅವನ ಮನಸ್ಸು ಕೊನೆತನಕ ಉರುಗ್ವೆಯ ಕಡೆಗೇ ಇತ್ತು. ಒಂದು ದೇಶದ ಹೆಮ್ಮೆಯ ಅಂಗಿಯನ್ನು ಬರೆದವನು ಎದುರಾಳಿ ತಂಡದ ಅಭಿಮಾನಿ! ದೇಶಭಕ್ತಿಯ ಸರ್ಟಿಫಿಕೇಟ್ ಹಂಚುವವರು ಇದನ್ನು ಎಲ್ಲಿ ಇಡುತ್ತಾರೋ.

ಬಾರ್ಬೋಸನ ವಿಚಾರಣೆ ಮಾತ್ರ ಮುಗಿಯಲೇ ಇಲ್ಲ. ನನ್ನ ದೇಶದಲ್ಲಿ ಅತಿ ದೊಡ್ಡ ಶಿಕ್ಷೆ ಮೂವತ್ತು ವರ್ಷ, ನನ್ನದು ಐವತ್ತಾಯಿತು ಎಂದು ಮುದಿತನದಲ್ಲಿ ನೊಂದು ಹೇಳಿ 2000ದಲ್ಲಿ ಅವನು ಸತ್ತ. ಬಿಳಿ ಅಂಗಿಗೆ ಬದಲಿ ಸಿಕ್ಕಿತು. ಕಪ್ಪು ಮೈಗೆ ಮಾಫಿ ಸಿಗಲಿಲ್ಲ.

ಹಳದಿ ಅಂಗಿಯನ್ನು ಲೋಕ ಪ್ರೀತಿಸಿದ್ದು ಪೆಲೆಯಿಂದ. ಆದರೆ ಅವನು ಮೊದಲ ವಿಶ್ವಕಪ್ ಗೆದ್ದ ದಿನ ತೊಟ್ಟದ್ದು ಹಳದಿಯನ್ನಲ್ಲ. 1958ರ ಜೂನ್ 29ರ ಫೈನಲ್ಲಿನಲ್ಲಿ ಸ್ವೀಡನ್ನಿನದೂ ಹಳದಿ. ಬ್ರೆಜಿಲಿನವರು ಸ್ಟಾಕ್‌ಹೋಮಿನ ಅಂಗಡಿಯಲ್ಲಿ ನೀಲಿ ಅಂಗಿ ಕೊಂಡು, ಹಳದಿ ಅಂಗಿಗಳ ಲಾಂಛನ ಬಿಚ್ಚಿ ಅದಕ್ಕೆ ಹೊಲಿದರು. ಇದು ನಮ್ಮ ಅಪರೆಸಿದಾ ಮಾತೆಯ ಸೆರಗಿನ ಬಣ್ಣ ಎಂದು ತಂಡದ ಮುಖ್ಯಸ್ಥ ಹುಡುಗರಿಗೆ ಧೈರ್ಯ ಹೇಳಿದನಂತೆ. ಆ ದೇಶದ ಆ ದೇವತೆಯ ವಿಗ್ರಹವೂ ಕಪ್ಪು. 17 ವರ್ಷದ ಪೆಲೆ ಎರಡು ಗೋಲು ಹೊಡೆದ.

ಆ ಪೆಲೆ ನಮ್ಮ ಕರ್ನಾಟಕದಲ್ಲೂ ನಿಂತಿದ್ದಾನೆ. ಬೆಂಗಳೂರಿನ ಹಲಸೂರಿನ ಮಗ್ಗುಲಲ್ಲಿ ಗೌತಮಪುರ ಅಂತ ದುಡಿಯುವ ಜನರ ಬಡಾವಣೆ. ದಂಡಿನ ಕಾಲದಲ್ಲಿ ಅದಕ್ಕೆ ಗನ್ ಟ್ರೂಪ್ಸ್ ಅನ್ನುತ್ತಿದ್ದರು. ಬ್ರಿಟಿಷ್ ಸೋಲ್ಜರುಗಳ ಆಟ ಅವರ ಚಾಕರಿ ಮಾಡಿದವರ ಕಾಲಿಗೆ ಹತ್ತಿತು. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲಿ ಪೆಲೆಯನ್ನೂ ನಿಲ್ಲಿಸಿದ್ದಾರೆ. ಪಂಡಿತರು ಯಾರೂ ಹೇಳಿಕೊಡದೆ ಆ ಜನ ತಾವೇ ಮಾಡಿಕೊಂಡ ಆಯ್ಕೆ ಅದು.

ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ತಂಡ 1948ರಲ್ಲಿ ಲಂಡನ್ನಿಗೆ ಹೋಯಿತು. ನಾಯಕ ತಾಲಿಮೆರೆನ್ ಆವ್, ನಾಗಾ ಬುಡಕಟ್ಟಿನವನು. ಜುಲೈ 31ರಂದು ಫ್ರಾನ್ಸಿನ ಎದುರು 2-1ರಲ್ಲಿ ಸೋತರು. ನಮ್ಮ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಹೊಡೆದದ್ದು. ಅಂಗಿ ಮೈಮೇಲಿತ್ತು, ಬೂಟು ಬಹುಪಾಲು ಜನರ ಕಾಲಲ್ಲಿರಲಿಲ್ಲ. ಬರಿಗಾಲಲ್ಲಿ ಆಡಿದರು. ಪತ್ರಿಕೆಗಳು ಅದನ್ನು ವಿಚಿತ್ರವೆಂದು ಬರೆದವು. ಬರಿಗಾಲು ನಮಗೆ ವಿಚಿತ್ರವೇ? 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10-1ರಲ್ಲಿ ಸೋಲಿಸಿತು. ಆ ಒಂದನ್ನು ಹೊಡೆದವನೂ ಬೆಂಗಳೂರಿನ ಅಹಮದ್ ಖಾನ್. ಅದಾದ ಮೇಲೆಯೇ ಬೂಟು ಕಡ್ಡಾಯವಾಯಿತು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ ಗಳಿಸಿದ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಈ ಹೆಸರುಗಳನ್ನು ನಮ್ಮ ಶಾಲೆಯ ಪಾಠಗಳಲ್ಲಿ ನಾನು ಕಾಣಲಿಲ್ಲ.

ನಮ್ಮ ತಂಡದ ಅಂಗಿ ಬಹುಕಾಲ ತಿಳಿನೀಲಿ, ಆಮೇಲೆ ಗಾಢ ನೀಲಿ. ಬಾವುಟದಲ್ಲಿ ನೀಲಿ ಇರುವುದು ಅಶೋಕ ಚಕ್ರವೊಂದರಲ್ಲೇ. ನಮ್ಮ ಚಳವಳಿಯ ನೀಲಿ ಬಂದ ದಾರಿ ಬೇರೆ. ಎರಡಕ್ಕೂ ಗಂಟು ಹಾಕಲು ನಾನು ಹೊರಟಿಲ್ಲ. ಆದರೆ ಆ ನೀಲಿಯೊಳಗೆ ದೇಶದ ಎಲ್ಲ ನೋವೂ ಹಿಡಿಸುತ್ತದೆಯೇ ಅನ್ನುವ ಪ್ರಶ್ನೆ 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ ಎದ್ದಿತು. ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ಭಾರತ ಸ್ಯಾಫ್ ಕಪ್ ಗೆದ್ದಿತ್ತು. ಮಣಿಪುರದ ಜೀಕ್ಸನ್ ಸಿಂಗ್ ಪದಕ ತೆಗೆದುಕೊಳ್ಳಲು ಬರುವಾಗ ದೇಶದ ಅಂಗಿಯ ಮೇಲೆ ಮೈತೇಯಿ ಜನರ ಏಳು ಬಣ್ಣದ ಬಾವುಟ ಹೊದ್ದಿದ್ದ. ಮೇ ತಿಂಗಳಿಂದ ಅವನ ನಾಡು ಹೊತ್ತಿ ಉರಿಯುತ್ತಿತ್ತು. ಕೆಲವರು ಬೈದರು. ಯಾರನ್ನೂ ನೋಯಿಸಲಿಕ್ಕಲ್ಲ, ಮಣಿಪುರದ ಕಡೆ ನೋಡಿ ಅನ್ನಲಿಕ್ಕೆ ಎಂದು ಅವನು ಹೇಳಿದ. ಆ ಉರಿಯಲ್ಲಿ ಕುಕಿಗಳೂ ಬೆಂದರು, ಮೈತೇಯಿಗಳೂ ಬೆಂದರು. ಎಲ್ಲರ ಅಂಗಿ ಎಂದು ನಾವು ಕರೆಯುವುದು ಎಲ್ಲರ ಗೋಳನ್ನೂ ಕೇಳಿಸಿಕೊಳ್ಳಬೇಕಲ್ಲವೇ?

ರಾಜರ ಕೈ ತಪ್ಪಿದ ಅಂಗಿ ಆಮೇಲೆ ಬಿದ್ದದ್ದು ಕಂಪನಿಗಳ ಕೈಗೆ. ಹಿಂದೆ ಅದು ದಪ್ಪ ಹತ್ತಿಯ ಅಂಗಿ. ಮಳೆಯಲ್ಲಿ ನೆಂದರೆ ಮೈಮೇಲೆ ಭಾರ. ಎದೆಯ ಮೇಲೆ ದೇಶದ ಲಾಂಛನ ಬಿಟ್ಟರೆ ಬೇರೆ ಗುರುತಿಲ್ಲ. 1974ರಲ್ಲಿ ಅಡ್ಮಿರಲ್ ಕಂಪನಿ ಇಂಗ್ಲೆಂಡ್ ತಂಡದ ಜತೆ ಒಪ್ಪಂದ ಮಾಡಿಕೊಂಡು, ತನ್ನ ಮುದ್ರೆ ಹಾಕಿ, ಅದರದೇ ನಕಲನ್ನು ಅಭಿಮಾನಿಗಳ ಮಕ್ಕಳಿಗೆ ಮಾರಿತು. ಅದೇ ವರ್ಷ ಹಾಲೆಂಡಿನ ಅಂಗಿಯ ತೋಳಿನಲ್ಲಿ ಅಡಿದಾಸ್ ಕಂಪನಿಯ ಮೂರು ಪಟ್ಟೆ. ಬೇರೆ ಕಂಪನಿಯ ಜತೆ ಒಪ್ಪಂದವಿದ್ದ ಯೋಹಾನ್ ಕ್ರೈಫ್ ಒಂದು ಪಟ್ಟೆ ಕೀಳಿಸಿ ಎರಡು ಪಟ್ಟೆಯ ಅಂಗಿಯಲ್ಲಿ ಆಡಿದ. ಹತ್ತಿ ಹೋಗಿ ಪಾಲಿಸ್ಟರ್ ಬಂತು. 2002ರಲ್ಲಿ ಕ್ಯಾಮರೂನ್ ತಂಡ ತೋಳಿಲ್ಲದ ಅಂಗಿ ತೊಟ್ಟು ಆಫ್ರಿಕ ಕಪ್ ಆಡಿತು. ವಿಶ್ವಕಪ್ಪಿಗೆ ಅದು ನಡೆಯದು ಎಂದು ಫಿಫಾ ಪಟ್ಟು ಹಿಡಿದ ಮೇಲೆ ಕರಿ ತೋಳು ಸೇರಿಸಬೇಕಾಯಿತು. 2010ರ ವಿಶ್ವಕಪ್ಪಿಗೆ ನೈಕಿ ಕಂಪನಿ ಎಸೆದ ಪ್ಲಾಸ್ಟಿಕ್ ಬಾಟಲಿಗಳ ನೂಲಿನಿಂದಲೇ ಅಂಗಿ ಮಾಡಿತು. ಭಾರತದ ಅಂಗಿಯೂ 2006ರಲ್ಲಿ ಆ ನೈಕಿಯ ಕೈಗೆ ಹೋಗಿ, 2018ರಲ್ಲಿ ದೆಹಲಿಯ ಸಿಕ್ಸ್‌ಫೈವ್‌ಸಿಕ್ಸ್, 2023ರಲ್ಲಿ ರಿಲಯನ್ಸಿನ ಪರ್ಫಾರ್ಮ್ಯಾಕ್ಸ್ ಕೈಗೆ ಬಂತು. ಅಂಗಡಿಯ ಅಸಲಿ ಅಂಗಿ ನಮ್ಮ ಹೊಸಹಳ್ಳಿಯ ಹುಡುಗರಿಗೆ ಎಟುಕುವುದಿಲ್ಲ. ಜಾತ್ರೆ ಸಂತೆಗಳಲ್ಲಿ ಗುಡ್ಡೆ ಹಾಕಿ ಮಾರುವ ನಕಲಿ ಹಳದಿ ಅಂಗಿ, ಬೆನ್ನಿನ ಮೇಲೆ 10. ಅದನ್ನೇ ತೊಟ್ಟು ಶೇಂಗಾ ಕೀಳಲು ಹೋಗುತ್ತಾರೆ.

ಇಷ್ಟೆಲ್ಲ ಚರಿತ್ರೆಯಲ್ಲಿ ಹೊಲಿದವರ ಹೆಸರು ಎಲ್ಲಿ? 1986ರ ಜೂನ್ 22ರಂದು ಮೆಕ್ಸಿಕೊದಲ್ಲಿ ಅರ್ಜೆಂಟೀನಾ ಇಂಗ್ಲೆಂಡನ್ನು ಎದುರಿಸಬೇಕಿತ್ತು. ಬಿಸಿಲಿಗೆ ತಮ್ಮ ನೀಲಿ ಅಂಗಿ ಭಾರವಾಯಿತೆಂದು ಊರಿನ ಅಂಗಡಿಗಳಲ್ಲಿ ಹುಡುಕಿ ತೆಳು ಅಂಗಿ ತಂದರು. ಅಲ್ಲಿನ ಹೊಲಿಗೆಯ ಹೆಣ್ಣುಮಕ್ಕಳು ಆತುರಾತುರವಾಗಿ ಲಾಂಛನ ಹೊಲಿದು, ಬೆಳ್ಳಿಬಣ್ಣದ ಅಂಕಿಗಳನ್ನು ಇಸ್ತ್ರಿಯಿಂದ ಅಂಟಿಸಿದರು. ಆ ಅಂಗಿಯಲ್ಲಿ ಮರಡೋನ ಹೊಡೆದ ಎರಡು ಗೋಲುಗಳ ಕತೆ ಎಲ್ಲರ ಬಾಯಲ್ಲೂ ಇದೆ. 2022ರ ಮೇ ತಿಂಗಳಲ್ಲಿ ಅದೇ ಅಂಗಿ ಲಂಡನ್ನಿನ ಹರಾಜಿನಲ್ಲಿ 71 ಲಕ್ಷ ಪೌಂಡಿಗೆ ಹೋಯಿತು. ಸೂಜಿ ಹಿಡಿದ ಆ ಕೈಗಳ ಹೆಸರನ್ನು ಹರಾಜಿನಲ್ಲಿ ಯಾರೂ ಕೂಗಲಿಲ್ಲ.

ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ಕೂತು ಹೊಲಿಯುತ್ತಾರೆ; ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಅವರು ಹೊಲಿಯುವುದು ಫುಟ್‌ಬಾಲ್ ಅಂಗಿಯೇ ಅಲ್ಲದಿರಬಹುದು. ಮಿಷನ್ನಿನ ಸದ್ದು ಅದೇ, ಬೆನ್ನುನೋವು ಅದೇ. 2016ರ ಏಪ್ರಿಲ್ 18, 19ರಂದು ಆ ಹೆಣ್ಣುಮಕ್ಕಳು ಪಿ.ಎಫ್. ಹಣದ ಹೊಸ ನಿಯಮದ ವಿರುದ್ಧ ಬೀದಿಗಿಳಿದು ಬೆಂಗಳೂರಿನ ಹೆದ್ದಾರಿಗಳನ್ನು ನಿಲ್ಲಿಸಿದರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಅವರ ಬೆನ್ನ ಮೇಲೆ ಯಾವ ನಂಬರೂ ಇರಲಿಲ್ಲ.

ಅಂಗಿಗೂ ಮಾತು ಬರುತ್ತದೆ, ತೊಡುವವರು ಮನಸ್ಸು ಮಾಡಿದರೆ. 2022ರ ಕತಾರ್ ವಿಶ್ವಕಪ್ಪಿಗೆ ಡೆನ್ಮಾರ್ಕಿನ ಅಂಗಿ ಮಾಡಿದ ಹುಮ್ಮೆಲ್ ಕಂಪನಿ, ತನ್ನ ಮುದ್ರೆಯೂ ದೇಶದ ಲಾಂಛನವೂ ಕಾಣದ ಹಾಗೆ ಬಟ್ಟೆಯ ಬಣ್ಣದಲ್ಲೇ ಅವನ್ನು ಮುಳುಗಿಸಿತು. ಮೂರನೆಯ ಅಂಗಿ ಕಪ್ಪು: ಕತಾರಿನಲ್ಲಿ ದುಡಿಯುತ್ತ ಸತ್ತ ವಲಸೆ ಕೂಲಿಗಳಿಗೆ ಸೂತಕ. ಕತಾರ್ ಸಿಟ್ಟಾಯಿತು. 'ಎಲ್ಲರಿಗೂ ಮಾನವ ಹಕ್ಕು' ಎಂದು ಬರೆದ ಅಭ್ಯಾಸದ ಅಂಗಿಯನ್ನು ಫಿಫಾ ತೊಡಗೊಡಲಿಲ್ಲ. ಕಂಪನಿಗೆ ಅದರಲ್ಲಿ ವ್ಯಾಪಾರವೂ ಇತ್ತು ಬಿಡಿ. ಆದರೂ ಕತಾರಿಗೆ ದುಡಿಯಲು ಹೋದವರಲ್ಲಿ ನಮ್ಮ ದೇಶದ, ನೇಪಾಳದ ಹುಡುಗರು ಲಕ್ಷಗಟ್ಟಲೆ ಇದ್ದರು. ಅವರ ಸಾವಿಗೆ ಒಂದು ದೇಶದ ಅಂಗಿ ಕಪ್ಪಾಯಿತು ಅನ್ನುವುದನ್ನು ನಾವು ಮರೆಯಬಾರದು.

ಗೆಳೆಯರೆ, ದೇಶದ ಅಂಗಿಯನ್ನು ಸುಟ್ಟುಹಾಕಿ ಎಂದು ನಾನು ಹೇಳುತ್ತಿಲ್ಲ. ಅದು ನಮ್ಮದೂ ಹೌದು ಅನ್ನುತ್ತಿದ್ದೇನೆ. ಅದರ ಬಣ್ಣ ರಾಜನದಾಗಿರಬಹುದು, ಮುದ್ರೆ ಕಂಪನಿಯದಾಗಿರಬಹುದು. ಬೆವರು ಮಾತ್ರ ರಾಮನ್, ಅಹಮದ್ ಖಾನ್, ಕೆಂಪಯ್ಯನವರದು. ಹೊಲಿಗೆ ಹೆಸರಿಲ್ಲದ ಹೆಣ್ಣುಮಕ್ಕಳದು. ಬಣ್ಣದ ಲೆಕ್ಕ ಇಟ್ಟವರು ಬಹಳ ಮಂದಿ ಇದ್ದಾರೆ. ಬೆವರಿನ ಲೆಕ್ಕ, ಹೊಲಿಗೆಯ ಲೆಕ್ಕ ನಾವೇ ಬರೆಯಬೇಕು.