ಬೇಟೆನಾಯಿಯ ಪಾಠ: ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯಲ್ಲಿ ಮರಿ ಪಳಗಿಸಿದ ಬಗೆ

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯಲ್ಲಿ ನಾಯಿಮರಿಯನ್ನು ಪಳಗಿಸುವ ಕೆಲಸ ಬಹುಕಾಲ ಬೇಟೆಗಾರರ ಮತ್ತು ಕುರಿಗಾರರ ಕೈಯಲ್ಲಿತ್ತು. ದಿನ ಗೊತ್ತುಮಾಡಿ, ಮೈದಾನದಲ್ಲಿ ಸಾಲು ನಿಲ್ಲಿಸಿ, ಗುರುವೊಬ್ಬ ಕಲಿಸುವ ತರಗತಿ ಇಲ್ಲಿಗೆ ಬಂದದ್ದು ಪೊಲೀಸ್ ಇಲಾಖೆಯ ಮೂಲಕ, ಅದೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಹಳೆಯ ಪಾಠ ಮತ್ತು ಹೊಸ ಪಾಠದ ನಡುವೆ ಈ ನೆಲದ್ದೇ ಆದ ಬೇಟೆನಾಯಿ ಸಿಕ್ಕಿಕೊಂಡಿತು. ಕರ್ನಾಟಕದಲ್ಲಿ ಅದನ್ನು ಮುಧೋಳ ನಾಯಿ ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಕಾರವಾನಿ ಎನ್ನುತ್ತಾರೆ.

ಭೀಮಾ, ಸೀನಾ, ಬೋರಿ ಹೊಳೆಗಳ ನಡುವಿನ ಈ ಪ್ರದೇಶ ಮಳೆ ಕಡಿಮೆಯ ಬಯಲುಸೀಮೆ. ಎರೆಹೊಲ, ಕಲ್ಲುಗುಡ್ಡ, ಮೊಣಕಾಲೆತ್ತರದ ಹುಲ್ಲು, ಮರಗಳು ವಿರಳ. ಇಂಥ ಕಡೆ ಮೊಲ, ಚಿಗರಿ ಬಹಳ ದೂರದಿಂದಲೇ ಕಾಣಿಸುತ್ತವೆ. ಆದ್ದರಿಂದ ಮೂಸಿ ಹುಡುಕುವ ನಾಯಿಗಿಂತ ಕಂಡು ಅಟ್ಟುವ ನಾಯಿಗೆ ಇಲ್ಲಿ ಬೆಲೆ ಬಂತು. ಉದ್ದ ಮೋರೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ತೆಳುಗಾಲು: ಈ ಮೈಕಟ್ಟು ಬಯಲು ರೂಪಿಸಿದ್ದು. ಪಶ್ಚಿಮ ಏಷ್ಯಾದ ಸಲೂಕಿಯ ಬಳಗಕ್ಕೆ ಸೇರಿದ ನಾಯಿಗಳು ವ್ಯಾಪಾರಿಗಳ ಮತ್ತು ಸೈನಿಕರ ಜೊತೆ ದಖ್ಖನಿಗೆ ಬಂದು ಇಲ್ಲಿಯ ನಾಯಿಗಳೊಂದಿಗೆ ಬೆರೆತವು ಎಂಬುದು ಈ ತಳಿಯ ಬಗ್ಗೆ ಸಾಮಾನ್ಯವಾಗಿ ಒಪ್ಪಿರುವ ವಿವರಣೆ.

ನಾಯಿ ಸಾಕುವುದು ಒಂದು ವಿದ್ಯೆ ಎಂಬ ತಿಳಿವು ಈ ಭಾಗದಲ್ಲಿ ಪೊಲೀಸರ ತರಗತಿಗಿಂತ ಬಹಳ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮನ ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ, ಕಲ್ಯಾಣ ಚಾಲುಕ್ಯರ ನಾಡಿನೊಳಗಿತ್ತು. ಆ ವಂಶದ ಮೂರನೆಯ ಸೋಮೇಶ್ವರ (1126–1138) ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಆನೆ, ಕುದುರೆಗಳ ವಿನೋದಗಳ ಸಾಲಿನಲ್ಲೇ ‘ಸಾರಮೇಯ ವಿನೋದ’ ಎಂಬ ನಾಯಿಗಳ ಭಾಗವೂ ಇದೆ. ಅರಸನೊಬ್ಬ ನಾಯಿಗೆ ಪ್ರತ್ಯೇಕ ಪ್ರಕರಣ ಕೊಟ್ಟನೆಂದರೆ ಆಸ್ಥಾನದಲ್ಲಿ ಅದನ್ನು ಬಲ್ಲವರು, ತಯಾರು ಮಾಡುವವರು ಇದ್ದರೆಂದೇ ತಿಳಿಯಬೇಕು. ಇದಕ್ಕೂ ಸುಮಾರು 180 ವರ್ಷ ಮೊದಲು, ಕನ್ನಡ ನಾಡಿನ ದಕ್ಷಿಣದಲ್ಲಿ, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ಕಲ್ಲು ನಿಂತಿತು. ಗಂಗರ ಇಮ್ಮಡಿ ಬೂತುಗನ ಮೆಚ್ಚುಗೆ ಪಡೆದ ಮಣಲೆರ, ಬೇಕಾದುದನ್ನು ಕೇಳು ಎಂದಾಗ ‘ಕಾಳಿ’ ಎಂಬ ನಾಯಿಯನ್ನು ಕೇಳಿದ. ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕ್ರಿ.ಶ. 949–50ರ ಈ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವೀರನೊಬ್ಬ ಬೇರೆಲ್ಲ ಬಿಟ್ಟು ನಾಯಿಯನ್ನು ಬೇಡಬೇಕಾದರೆ ಅದು ಚೆನ್ನಾಗಿ ಪಳಗಿದ ನಾಯಿಯೇ ಆಗಿರಬೇಕು.

ಬೇಟೆನಾಯಿಯ ಪಾಠ ನಡೆಯುತ್ತಿದ್ದದ್ದು ಹೊಲದಲ್ಲಿ. ಮರಿಗೆ ಗುರುವಾಗುತ್ತಿದ್ದದ್ದು ಇನ್ನೊಂದು ನಾಯಿ. ಮರಿಗೆ ಮೊದಲು ಹೆಸರು, ಕರೆದರೆ ಬರುವುದು, ಕೊರಳಪಟ್ಟಿ ಮತ್ತು ಹಗ್ಗದ ಅಭ್ಯಾಸ. ಊಟ ಮನೆಯವರದೇ: ಜೋಳದ ರೊಟ್ಟಿ, ನುಚ್ಚು, ಮಜ್ಜಿಗೆ, ಇದ್ದರೆ ಹಾಲು. ಒಬ್ಬನೇ ಉಣಿಸಬೇಕು, ಒಬ್ಬನೇ ಕರೆಯಬೇಕು. ಹತ್ತು ಜನ ಹತ್ತು ರೀತಿ ಕರೆದರೆ ಮರಿ ಯಾರ ಮಾತನ್ನೂ ಕೇಳುವುದಿಲ್ಲ. ವರ್ಷ ತುಂಬುವ ತನಕ ನಿಜವಾದ ಓಟಕ್ಕೆ ಬಿಡಬಾರದು. ಎಲುಬು ಬಲಿಯುವ ಮೊದಲೇ ಓಡಿಸಿದರೆ ಕಾಲಿನ ಕೀಲು ಕೆಡುತ್ತದೆ, ಅಂಗಾಲು ಹರಿಯುತ್ತದೆ. ಎರೆಹೊಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಮೆತ್ತಿಕೊಳ್ಳುತ್ತದೆ. ಓಟಕ್ಕೆ ಹೇಳಿಮಾಡಿಸಿದ ಕಾಲವೆಂದರೆ ಹಿಂಗಾರಿ ಜೋಳ ಕೊಯ್ದು ಹೊಲ ಬಯಲಾದ ಮೇಲಿನ ಕೆಲವು ವಾರ, ಅದೂ ಬೆಳಗಿನ ತಂಪು ಇರುವಾಗ.

ಮೊದಲ ಓಟದಲ್ಲಿ ಮರಿಯನ್ನು ಅನುಭವಿ ನಾಯಿಯ ಜೊತೆಗೆ ಹಿಡಿದುಕೊಂಡು ಹೋಗುತ್ತಿದ್ದರು. ಪೊದೆ ಬಡಿದಾಗ ಮೊಲ ಏಳುತ್ತದೆ. ಹಳೆಯ ನಾಯಿಗೆ ‘ಛೂ’ ಎನ್ನುವ ಅಗತ್ಯವೂ ಇಲ್ಲ. ಅದು ಕಿವಿ ಹಿಂದಕ್ಕೆ ಮಡಿಸಿ ನೆಲಕ್ಕೆ ತಗ್ಗಿ ಹೊರಡುತ್ತದೆ. ಮರಿಗೆ ಆ ಕ್ಷಣ ಮೊಲವೇ ಕಂಡಿರುವುದಿಲ್ಲ, ಓಡುವ ನಾಯಿಯಷ್ಟೇ ಕಂಡಿರುತ್ತದೆ. ಅದನ್ನು ಹಿಂಬಾಲಿಸಿ ಓಡುತ್ತದೆ. ಮೊಲ ಸರ್ರನೆ ತಿರುಗಿದಾಗ ಹಳೆಯದು ಮುಂಗಾಲೂರಿ ಮೈ ಬಾಗಿಸಿ ಜೊತೆಗೇ ತಿರುಗುತ್ತದೆ. ಮರಿ ತನ್ನ ವೇಗ ತಡೆಯಲಾರದೆ ಹತ್ತಾರು ಮಾರು ಮುಂದಕ್ಕೆ ಹೋಗಿ, ನಿಂತು, ತಲೆಯೆತ್ತಿ ಸುತ್ತ ನೋಡುತ್ತದೆ. ಮೂರು–ನಾಲ್ಕು ಓಟಗಳಾದ ಮೇಲೆ ಕೆಲವು ಮರಿಗಳು ಮೊಲ ತಿರುಗುವ ಜಾಗವನ್ನು ಮುಂಚಿತವಾಗಿಯೇ ಗ್ರಹಿಸಿ ಅಡ್ಡ ಹಾಯುತ್ತವೆ. ಈ ಜಾಣತನವನ್ನು ಮನುಷ್ಯ ಕಲಿಸಲಾರ. ಅವನ ಕೆಲಸ ಯಾವ ದಿನ ಬಿಡಬೇಕು, ಯಾವ ನಾಯಿಯ ಜೊತೆ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ತಿಳಿಯುವುದು. ಬಿದ್ದು ಪೆಟ್ಟು ತಿಂದ ಮರಿಯನ್ನು ಅದೇ ವಾರ ಮತ್ತೆ ಓಡಿಸಿದರೆ ಅದು ಹಿಂಜರಿಯುತ್ತದೆ. ಬಡಿದರಂತೂ ಕೆಟ್ಟಿತು: ಈ ಜಾತಿಯ ನಾಯಿ ಗದರಿಕೆಯನ್ನು ಮರೆಯುವುದಿಲ್ಲ, ಬಡಿದವನ ಹತ್ತಿರ ಸುಳಿಯುವುದಿಲ್ಲ.

ಕುರಿಗಾರರ ನಾಯಿಯ ಪಾಠ ಬೇರೆ. ಧನಗರರೂ ಕುರುಬರೂ ಹಿಂಡು ಹೊಡೆದುಕೊಂಡು ವರ್ಷದ ಹೆಚ್ಚು ಭಾಗ ಅಲೆಯುತ್ತಾರೆ. ರೈತರ ಹೊಲದಲ್ಲಿ ರಾತ್ರಿ ಕುರಿ ತರುಬಿ ಗೊಬ್ಬರ ಕೊಡುತ್ತಾರೆ. ಸೊಲ್ಲಾಪುರದ ಉತ್ತರಕ್ಕಿರುವ ನಾನ್ನಜದ ಹುಲ್ಲುಗಾವಲಿನಲ್ಲಿ ಇಂದಿಗೂ ತೋಳಗಳಿವೆ. ಅಲ್ಲಿ ನಾಯಿಗೆ ಬೇಕಾದದ್ದು ಎಚ್ಚರ, ಓಟ ಆಮೇಲಿನದು. ಮರಿ ಕಣ್ಣು ಬಿಟ್ಟಾಗಿನಿಂದ ಕುರಿಮರಿಗಳ ನಡುವೆ ಬೆಳೆಯುತ್ತದೆ. ಆ ವಾಸನೆ, ಆ ಸದ್ದು ಅದಕ್ಕೆ ತನ್ನ ಮನೆಯದಾಗುತ್ತದೆ. ಕುರಿಯನ್ನು ಆಟಕ್ಕೆ ಅಟ್ಟಿದ ಮರಿಗೆ ತಕ್ಷಣ ‘ಹಚಾ’ ಬೀಳುತ್ತದೆ. ಯುರೋಪಿನ ಕೋಲಿ ನಾಯಿಯ ಹಾಗೆ ಸಿಳ್ಳಿಗೆ ಹಿಂಡು ತಿರುಗಿಸುವುದು ಇಲ್ಲಿಯ ಪದ್ಧತಿಯಲ್ಲ; ಹಿಂಡು ತಿರುಗಿಸುವವನು ಕುರಿಗಾರನೇ. ನಾಯಿ ಅಂಚಿನಲ್ಲಿ ಮಲಗಿ ರಾತ್ರಿ ಕಾಯುತ್ತದೆ. ಆಧುನಿಕ ವಿಜ್ಞಾನ ಈ ಪದ್ಧತಿಯನ್ನು ಬಹಳ ತಡವಾಗಿ ವಿವರಿಸಿತು. ಅಮೆರಿಕದ ಜೆ.ಪಿ. ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿ ಯಾರ ಜೊತೆ ಇರುತ್ತದೆಯೋ ಅವರನ್ನು ತನ್ನವರೆಂದು ಬಗೆಯುತ್ತದೆ. ಆ ಅವಧಿಯನ್ನು ಕುರಿಗಾರರು ಲೆಕ್ಕ ಹಾಕದೆಯೇ ಬಳಸಿಕೊಂಡಿದ್ದರು.

ಇವರ ದೇವರೂ ನಾಯಿಯನ್ನು ಬಿಟ್ಟಿಲ್ಲ. ಖಂಡೋಬಾ, ಕನ್ನಡದ ಮೈಲಾರಲಿಂಗ, ಧನಗರ–ಕುರುಬರ ಕುಲದೈವ. ಅವನ ಜೊತೆ ನಾಯಿ ಇರಲೇಬೇಕು. ಸೊಲ್ಲಾಪುರದ ಅಂಚಿನ ಬಾಳೆಯಲ್ಲಿ ಖಂಡೋಬನ ಗುಡಿಯಿದೆ. ಮಹಾರಾಷ್ಟ್ರದ ವಾಘ್ಯಾ, ಕರ್ನಾಟಕದ ಗೊರವ ಇಬ್ಬರೂ ತಮ್ಮನ್ನು ದೇವರ ನಾಯಿಗಳೆಂದು ಭಾವಿಸುವವರು. ಗೊರವರು ಬೊಗಳುತ್ತ ದೋಣಿ ಎಂಬ ಪಾತ್ರೆಯ ಹಾಲು ಕುಡಿಯುವ ಸೇವೆ ಇಂದಿಗೂ ನಡೆಯುತ್ತದೆ. ಅಕ್ಕಲಕೋಟೆಯಾದರೋ ದತ್ತ ಸಂಪ್ರದಾಯದ ಕ್ಷೇತ್ರ. 1878ರಲ್ಲಿ ದೇಹ ಬಿಟ್ಟ ಸ್ವಾಮಿ ಸಮರ್ಥರನ್ನು ಭಕ್ತರು ದತ್ತಾತ್ರೇಯನ ಅವತಾರವೆಂದು ನಂಬುತ್ತಾರೆ. ದತ್ತನ ಪಾದದ ಬಳಿಯ ನಾಲ್ಕು ನಾಯಿಗಳು ನಾಲ್ಕು ವೇದಗಳೆಂಬುದು ಆ ಸಂಪ್ರದಾಯದ ಮಾತು.

ಸಂಸ್ಥಾನಗಳ ಕಾಲದಲ್ಲಿ ಬೇಟೆನಾಯಿಗೆ ಅರಮನೆಯ ಆಶ್ರಯ ಸಿಕ್ಕಿತು. ಈ ಭಾಗದಲ್ಲಿ ಅಕ್ಕಲಕೋಟೆಯ ಭೋಸಲೆ, ಜತ್ತಿನ ಡಫಳೆ, ಮುಧೋಳದ ಘೋರ್ಪಡೆ ಮನೆತನಗಳು ಆಳುತ್ತಿದ್ದವು. ಶಿಕಾರಿ ದರ್ಬಾರಿನ ಬದುಕಿನ ಒಂದು ಭಾಗವಾಗಿತ್ತು. ಮುಧೋಳದ ಮಾಲೋಜಿರಾವ್ ಘೋರ್ಪಡೆ ಬೇಡರ ಬಳಿ ಇದ್ದ ನಾಯಿಗಳನ್ನು ಗಮನಿಸಿ, ಆಯ್ದು ತಳಿ ಬೆಳೆಸಿದರು, ಒಂದು ಜೋಡಿಯನ್ನು ಬ್ರಿಟಿಷ್ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆ ಕೊಟ್ಟರು ಎಂಬುದು ಆ ಊರಿನ ಹೆಮ್ಮೆಯ ಕಥೆ. ನಾಯಿಯನ್ನು ಮೊದಲು ತಯಾರು ಮಾಡಿದವರು ಬೇಡರು ಎಂಬ ಅಂಶ ಆ ಕಥೆಯಲ್ಲೇ ಇದೆ. ಹೆಸರು ಮಾತ್ರ ಸಂಸ್ಥಾನಕ್ಕೆ ಹೋಯಿತು.

1948ರ ಮಾರ್ಚಿನಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಅಕ್ಕಲಕೋಟೆ ಸೊಲ್ಲಾಪುರ ಜಿಲ್ಲೆಗೆ, ಮುಧೋಳ ವಿಜಯಪುರ ಜಿಲ್ಲೆಗೆ ಸೇರಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಮುಧೋಳ ಮೈಸೂರು ರಾಜ್ಯಕ್ಕೆ ಬಂತು, ಅಕ್ಕಲಕೋಟೆ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಗಡಿ ವಿವಾದದ ಕುರಿತ 1967ರ ಮಹಾಜನ ವರದಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳನ್ನು ಮೈಸೂರು ರಾಜ್ಯಕ್ಕೆ ಸೇರಿಸಲು ಸೂಚಿಸಿದರೂ ಗಡಿ ಕದಲಲಿಲ್ಲ. ನಾಯಿಯ ಹೆಸರೂ ಹಾಗೆಯೇ ಎರಡಾಗಿ ಉಳಿದಿದೆ: ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕಾರವಾನ್ ಹೌಂಡ್ ಎಂದು ದಾಖಲಿಸಿದರೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎಂದು ದಾಖಲಿಸುತ್ತದೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ನಾಯಿ ತಳಿಗಳ ಚೀಟಿಗಳಲ್ಲಿ ಇದು ಮುಧೋಳ ಎಂಬ ಹೆಸರಿನಲ್ಲಿಯೇ ಬಂದಿತು.

ಹೊಲದ ಪಾಠಕ್ಕೆ ಕೊನೆ ಹಾಡಿದ್ದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದನ್ನೂ ಬೇಟೆಯೆಂದೇ ಹೇಳುತ್ತದೆ. 1991ರ ತಿದ್ದುಪಡಿಯ ನಂತರ ಮೊಲದ ಬೇಟೆಗೂ ದಾರಿ ಉಳಿಯಲಿಲ್ಲ. 1979ರಲ್ಲಿ ನಾನ್ನಜವನ್ನು ಒಳಗೊಂಡು ಸೊಲ್ಲಾಪುರ, ಅಹಮದನಗರ ಜಿಲ್ಲೆಗಳ ಸುಮಾರು 8,500 ಚದರ ಕಿಲೋಮೀಟರ್ ಪ್ರದೇಶವನ್ನು ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಪಕ್ಷಿಧಾಮವೆಂದು ಘೋಷಿಸಲಾಯಿತು. ಮುಂದೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಚಿಗರಿಯೂ ಎರ್ಲಡ್ಡೂ ಉಳಿಯಬೇಕಾದರೆ ಈ ಕಾಯ್ದೆ ಬೇಕೇ ಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಯಿಗೆ ನಾಯಿಯೇ ಕಲಿಸುತ್ತಿದ್ದ ವಿದ್ಯೆ ಇದರಿಂದ ಬೇರು ಕಳೆದುಕೊಂಡಿತು. ಬದಲಿಗೆ ಜಾತ್ರೆಗಳಲ್ಲಿ ಓಟದ ಪಂದ್ಯಗಳು ಬಂದವು. ನೇರ ಓಟದಲ್ಲಿ ವೇಗ ಬೇಕು, ತಿರುವಿನ ಬುದ್ಧಿ ಬೇಡ.

ತರಗತಿ ಎಂಬ ಪದ್ಧತಿ ಬೆಳೆದದ್ದು ಪರದೇಶದಲ್ಲಿ. ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ತರಬೇತಿಯ ಕೈಪಿಡಿ ಬರೆದ. ಅದರಲ್ಲಿ ಒತ್ತಾಯ, ಶಿಕ್ಷೆಗಳಿಗೆ ದೊಡ್ಡ ಸ್ಥಾನವಿತ್ತು. ಸಾಕುನಾಯಿಯ ಮಾಲೀಕರನ್ನು ಮೈದಾನಕ್ಕೆ ತಂದವರು ಅಮೆರಿಕದ ಹೆಲೆನ್ ವೈಟ್‌ಹೌಸ್ ವಾಕರ್ ಮತ್ತು ಬ್ಲಾಂಚ್ ಸಾಂಡರ್ಸ್, 1930ರ ದಶಕದಲ್ಲಿ. 1980ರ ದಶಕದಲ್ಲಿ ಇಯಾನ್ ಡನ್ಬಾರ್ ತೀರ ಚಿಕ್ಕ ಮರಿಗಳನ್ನು ಹಗ್ಗವಿಲ್ಲದೆ ಒಟ್ಟಿಗೆ ಆಡಲು ಬಿಟ್ಟು, ತಿನಿಸು ಕೊಟ್ಟು ಕಲಿಸುವ ತರಗತಿ ಆರಂಭಿಸಿದರು.

ಮಹಾರಾಷ್ಟ್ರದಲ್ಲಿ ಮುಂಬಯಿ ಪೊಲೀಸರ ಶ್ವಾನದಳ 1959ರಲ್ಲಿ ಶುರುವಾಯಿತು. ಪುಣೆಯ ಶಿವಾಜಿನಗರದ ಕೇಂದ್ರ ರಾಜ್ಯದ ಪೊಲೀಸ್ ನಾಯಿಗಳ ಶಾಲೆಯಾಯಿತು. ಜಿಲ್ಲೆಗಳ ಶ್ವಾನದಳಗಳ ನಾಯಿಗಳು, ಅವುಗಳ ಜೊತೆಯ ಪೇದೆಗಳು ಅಲ್ಲಿಯೇ ಕಲಿಯುತ್ತಾರೆ. ಅಲ್ಲಿ ಕಲಿತ ಲ್ಯಾಬ್ರಡಾರ್ ಝಂಜೀರ್ 1993ರ ಮುಂಬಯಿ ಸ್ಫೋಟಗಳ ಸಂದರ್ಭದಲ್ಲಿ 3,329 ಕೆ.ಜಿ. ಆರ್‌ಡಿಎಕ್ಸ್ ಪತ್ತೆಗೆ ನೆರವಾಗಿ ದೇಶಕ್ಕೆಲ್ಲ ಹೆಸರಾಯಿತು. ಈ ಶಾಲೆಯ ಪಾಠ ಮೂಗಿನದು. ಚೆಂಡಿನ ಆಟದಿಂದ ಶುರು. ಚೆಂಡು ಸಿಗಬೇಕಾದರೆ ಇಂಥ ವಾಸನೆ ಹುಡುಕಬೇಕು ಎಂದು ಮರಿಗೆ ತಿಳಿಯುವ ತನಕ ಅದೇ ಆಟ. ಆರರಿಂದ ಎಂಟನೆಯ ತಿಂಗಳ ಹೊತ್ತಿಗೆ ಚೆನ್ನಾಗಿ ಕಲಿತ ಮರಿಯೂ ಒಮ್ಮೆಲೇ ಮೊಂಡಾಗುತ್ತದೆ, ಗೊತ್ತಿದ್ದ ಅಪ್ಪಣೆಗೂ ಕಿವುಡಾಗುತ್ತದೆ. ಹರೆಯದ ಈ ಇಳಿತ ಎಲ್ಲ ತಳಿಗೂ ಇದೆ. ಆಗ ಪಾಠ ಬಿಟ್ಟವನ ನಾಯಿ ಅಲ್ಲಿಗೇ ನಿಲ್ಲುತ್ತದೆ.

ಮುಧೋಳ ನಾಯಿ ಇಂಥ ಶಾಲೆಯ ಬಾಗಿಲಿಗೆ ಬಂದದ್ದು ಇತ್ತೀಚೆಗೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಿದೆ. 2016ರಲ್ಲಿ ಅಲ್ಲಿಯ ಮರಿಗಳು ಮೀರತ್‌ನ ಸೇನಾ ಶಾಲೆಗೆ ಹೋದವು. ಆ ಶಾಲೆ ಅದುವರೆಗೆ ಕಂಡಿದ್ದದ್ದು ಹೆಚ್ಚಾಗಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳನ್ನು. ದೂರದಲ್ಲಿ ಏನು ಅಲುಗಿದರೂ ಕಣ್ಣು ಅತ್ತ ಹೊರಳುವುದು, ತಿನಿಸಿನ ಆಸೆಗೆ ಸುಲಭವಾಗಿ ಬಗ್ಗದಿರುವುದು, ಗದರಿದರೆ ಮುದುಡುವುದು: ಮೂಗಿನ ಪಾಠಕ್ಕೆ ಇವೆಲ್ಲ ತೊಡಕು, ಹೊಲದಲ್ಲಿ ಇವೇ ಗುಣ. ವಾಯುಪಡೆ ಆಗ್ರಾದ ನೆಲೆಯಲ್ಲಿ ರನ್‌ವೇ ಮೇಲಿನ ಹಕ್ಕಿಗಳನ್ನು ಓಡಿಸಲು ಇದೇ ನಾಯಿಯನ್ನು ತೊಡಗಿಸಿದ್ದು ಹೆಚ್ಚು ಸರಿಯಾದ ಆಯ್ಕೆ. ಅಲ್ಲಿ ಕಂಡು ಅಟ್ಟುವುದೇ ಕೆಲಸ.

ಇಂದು ಸೊಲ್ಲಾಪುರದಂಥ ನಗರಗಳಲ್ಲಿ ಈ ತಳಿಯ ಮರಿಯನ್ನು ಮನೆಗೆ ತರುವವರಿಗೆ ಸಿಗುವುದು ಬೇರೆ ತಳಿಗಳಿಗೆಂದು ರೂಪಿಸಿದ ಪಾಠ. ಸರಪಳಿ ಜಗ್ಗಿ ‘ಸಿಟ್’ ಎಂದು ಗದರುವ ವಿಧಾನಕ್ಕೆ ಮರಿ ಹೆದರಿ ಮೂಲೆ ಸೇರಿದರೆ ತಪ್ಪು ಮರಿಯದಲ್ಲ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೊಸ ಮಾಲೀಕನಿಗೆ ಅಲ್ಲಿಂದ ಉಳಿಯುವುದು ಹನ್ನೆರಡನೆಯ ವಾರಕ್ಕೆ ಮುಗಿಯುವ ಆ ಎಳೆಯ ಕಾಲದ ನಾಲ್ಕೇ ವಾರ. ಆ ವಾರಗಳಲ್ಲಿ ಮಕ್ಕಳು, ಬಸ್ಸು, ದನ, ಬೇರೆ ನಾಯಿಗಳು ಎಲ್ಲವೂ ಅದರ ಕಣ್ಣಿಗೆ ಬೀಳಬೇಕು. ಆಮೇಲೆ ದಿನಕ್ಕೊಮ್ಮೆ ಬೇಲಿಯಿರುವ ಬಯಲಲ್ಲಿ ಮನಸಾರೆ ಓಡಲು ಬಿಡಬೇಕು. ತಿಮ್ಮಾಪುರದ ಕೇಂದ್ರವೂ ಎರಡೂ ರಾಜ್ಯಗಳ ಪಶುಸಂಗೋಪನಾ ಇಲಾಖೆಗಳೂ ಸೇರಿ, ಇನ್ನೂ ಉಳಿದಿರುವ ಹಿರಿಯ ನಾಯಿ ಸಾಕಣೆದಾರರನ್ನೇ ಗುರುಗಳನ್ನಾಗಿ ಕರೆದು, ಈ ತಳಿಗೆ ಒಪ್ಪುವ ಮರಿ ತರಗತಿಗಳನ್ನು ಮುಧೋಳದಲ್ಲೂ ಸೊಲ್ಲಾಪುರ, ಅಕ್ಕಲಕೋಟೆಗಳಲ್ಲೂ ತೆರೆಯಬೇಕು.